ಬಾಲ ಹಿಡಿದ ಅಣ್ಣಯ್ಯಪ್ಪ

ಅಣ್ಣಯ್ಯಪ್ಪ ನಿಟ್ಟೂರಿನವನು. ಎಪ್ಪತ್ತೊಂದರಲ್ಲಿ ತುಮಕೂರಿನ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ ಅಟೆಂಡರಾಗಿ ಸೇರಿದ, ಗುಬ್ಬಿಯಿಂದ ಹೆಣ್ಣು ತಂದ, ಪುಟ್ಟತಾಯಿ ಎಂಬ ಮಗಳ ತಂದೆಯಾದ. ಹಾವೆಂದರೆ ಅವನಿಗೆ ಭಯವಿಲ್ಲ, ಕರೆಂಟೆಂದರೆ ಭಯವಿಲ್ಲ. ನಲವತ್ತಡಿ ತೆಂಗಿನಮರವನ್ನು ಬರಿಗಾಲಲ್ಲಿ ಹತ್ತಿ ಇಳಿಯುತ್ತಿದ್ದವನು. ಆದರೆ ದೊಡ್ಡವರು ಯಾರಾದರೂ ದನಿ ಏರಿಸಿದರೆ ಮುಗಿಯಿತು, ಹಿಂದೆಮುಂದೆ ನೋಡದೆ ಹೇಳಿದ್ದನ್ನು ಮಾಡಿಬಿಡುತ್ತಿದ್ದ. ಇಂಥವರನ್ನು ನಮ್ಮ ಕಡೆ ‘ಬಲು ವಿಧೇಯ’ ಎಂದು ಹೊಗಳುತ್ತಾರೆ. ಹೊಗಳುವವರಿಗೇನು, ಬಾಯಿಗೆ ಬಂದದ್ದು ಹೇಳಿ ಹೋಗುತ್ತಾರೆ.

ದನಿ ಏರಿಸುವುದರಲ್ಲಿ ವೆಂಕಟರಂಗಯ್ಯ ಮೇಷ್ಟ್ರದು ಎತ್ತಿದ ಕೈ. ಅವರು ಫಿಸಿಕ್ಸ್ ಲೆಕ್ಚರರ್, ಜೊತೆಗೆ ಎನ್‌ಸಿಸಿ ಏರ್‌ವಿಂಗಿನ ಆಫೀಸರ್. ಎಂಬತ್ತಮೂರರಲ್ಲಿ ಬೆಂಗಳೂರಿನಿಂದ ಒಂದು ಮಾರು ರೆಕ್ಕೆಯ ವಿಮಾನ ತಂದರು. ಕೈಯಲ್ಲಿ ರೇಡಿಯೊ ಪೆಟ್ಟಿಗೆ ಹಿಡಿದು ನೆಲದಿಂದಲೇ ಹಾರಿಸುವಂಥದ್ದು. ಕುಣಿಗಲ್ಲಿನಲ್ಲಿ ಒಮ್ಮೆ ಹಾರಿಸಿ ಹೆಸರು ಮಾಡಿದ್ದರು. ಮರುವರ್ಷ ಜನವರಿ ಇಪ್ಪತ್ತಾರಕ್ಕೆ ತುಮಕೂರಿನ ಮೈದಾನದಲ್ಲಿ, ಡಿಸಿ ಸಾಹೇಬರ ಎದುರಿಗೆ ಹಾರಿಸುವುದೆಂದು ನಿಶ್ಚಯವಾಯಿತು.

ಎರಡು ದಿನ ಮುಂಚೆ ನೋಡಿದರೆ ಬಾಲದ ಹಿಂಜುಗಳು, ಅಂದರೆ ಬಾಗಿಲಿಗಿರುವಂಥ ಪುಟ್ಟ ಕೀಲುಗಳು, ಸವೆದು ಹರಿದಿದ್ದವು. ಬಾಲದ ಹಿಂದೆ ಮೇಲೆ ಕೆಳಗೆ ಆಡುವ ಒಂದು ತೆಳು ಹಲಗೆಯಿದೆ, ಅದಕ್ಕೆ ಎಲಿವೇಟರ್ ಎನ್ನುತ್ತಾರೆ. ಅದು ಎದ್ದರೆ ವಿಮಾನ ಏರುತ್ತದೆ, ಬಗ್ಗಿದರೆ ಇಳಿಯುತ್ತದೆ. ಕಳಚಿಕೊಂಡರೆ ಯಾರ ತಲೆಯ ಮೇಲೆ ಬೀಳುತ್ತದೋ ದೇವರೇ ಬಲ್ಲ. ಅದನ್ನು ಹಿಡಿದಿಡುವುದು ಉಗುರಗಲದ ಮೂರು ನೈಲಾನ್ ಹಿಂಜು, ಅಷ್ಟೇ.

ಅಣ್ಣಯ್ಯಪ್ಪ ಹಳೆಯದನ್ನು ಕಿತ್ತು, ಹಿಂಜು ತೂರಿಸಲು ಬ್ಲೇಡಿನಿಂದ ಬಾಲದಲ್ಲೂ ಹಲಗೆಯಲ್ಲೂ ಸೀಳು ಬಿಡಿಸಿ, ಅಂಟು ಕಲಸಿದ. ಹಿಂಜಿನ ಎರಡು ಎಲೆಗಳಿಗೆ ಅಂಟು, ನಡುವಿನ ಮಡಿಕೆಗೆ ಮಾತ್ರ ಚೂರು ವ್ಯಾಸಲೀನು. ಅಂಟು ಅಲ್ಲಿಗೆ ಹರಿದರೆ ಹಿಂಜು ಆಡುವುದಿಲ್ಲ. ಮೇಷ್ಟ್ರು ಕಲಿಸಿದ ಪಾಠ ಇದು. ವ್ಯಾಸಲೀನಿನ ಡಬ್ಬಿ ತೆರೆದರೆ ಖಾಲಿ. ಕೇಳಿದರೆ ಬೈಗುಳ. ಕಿಟಕಿಯಲ್ಲಿ ಅವನದೇ ಕೊಬ್ಬರಿ ಎಣ್ಣೆಯ ಬಾಟಲಿ ಇತ್ತು, ಚಳಿಗೆ ಬೆಳ್ಳಗೆ ಗಟ್ಟಿಯಾಗಿತ್ತು. ನೋಡಲು ಥೇಟ್ ವ್ಯಾಸಲೀನೇ. ಕಡ್ಡಿಯಲ್ಲಿ ತೆಗೆದು ಮಡಿಕೆಗೆ ಮೆತ್ತಿದ. ಬೆರಳ ಬಿಸಿಗೆ ಅದು ಕರಗಿ ಎಲೆಗಳಿಗೂ ಹರಿದದ್ದನ್ನು ಗಮನಿಸದೆ ಅಂಟು ಹಚ್ಚಿ ಸೀಳಿಗೆ ತೂರಿಸಿದ. ಮಾರನೆಯ ಬೆಳಿಗ್ಗೆ ಕೊರೆವ ಚಳಿಯಲ್ಲಿ ಎಳೆದು ನೋಡಿದ. ಕಚ್ಚಿಕೊಂಡಿತ್ತು. ಮೇಷ್ಟ್ರೂ ಎಳೆದು ಭೇಷ್ ಎಂದರು.

ಇಪ್ಪತ್ತಾರರಂದು ಭಾಷಣಗಳು ಮುಗಿಯುವಾಗ ಹನ್ನೊಂದೂವರೆ. ವಿಮಾನ ಅಷ್ಟೂ ಹೊತ್ತು ಬಿಸಿಲಲ್ಲೇ ಇತ್ತು. ಮೈದಾನದ ತುಂಬ ಸ್ಕೂಲು ಮಕ್ಕಳು ಸಾಲಾಗಿ ಕೂತಿದ್ದರು, ಅವರಲ್ಲಿ ನಾಲ್ಕನೇ ಕ್ಲಾಸಿನ ಪುಟ್ಟತಾಯಿಯೂ ಒಬ್ಬಳು. ಮೇಷ್ಟ್ರು ಇಂಜಿನ್ ಚಾಲೂ ಮಾಡಿದರು. ಅವರು ಹೇಳುವ ತನಕ ಬಾಲ ಹಿಡಿದು ವಿಮಾನವನ್ನು ತಡೆದಿಡುವುದು ಅಣ್ಣಯ್ಯಪ್ಪನ ಕೆಲಸ.

ಹಿಡಿದ ಬೆರಳು ಜಾರಿತು. ಮೂಗಿಗೆ ಕೊಬ್ಬರಿ ಎಣ್ಣೆಯ ವಾಸನೆ ಬಡಿಯಿತು. ಬಗ್ಗಿ ನೋಡಿದರೆ ಹಿಂಜಿನ ಸುತ್ತ, ಬೋಂಡ ಕಟ್ಟಿದ ಪೇಪರಿನ ಹಾಗೆ, ಎಣ್ಣೆ ಜಿನುಗಿ ಕಪ್ಪಾಗಿತ್ತು. ಹೆಬ್ಬೆರಳಲ್ಲಿ ಒತ್ತಿದ. ತುದಿಯ ಹಿಂಜು ಅಲುಗಿತು. ಕಚ್ಚಿಕೊಂಡಿದ್ದು ಅಂಟಲ್ಲ, ಚಳಿಗೆ ಹೆಪ್ಪುಗಟ್ಟಿದ ಎಣ್ಣೆ!

“ಬಿಡಯ್ಯಾ!” ಎಂದು ಮೇಷ್ಟ್ರು ಕೂಗಿದರು.

ಬೇಡ ಸಾರ್ ಎಂದಿದ್ದರೆ ಸಾಕಿತ್ತು. ಏನೂ ಹೇಳದೆ ಕೈ ಬಿಗಿ ಹಿಡಿದಿದ್ದರೂ ಸಾಕಿತ್ತು. ಎದುರಿಗೆ ಡಿಸಿ ಸಾಹೇಬರು, ಪ್ರಿನ್ಸಿಪಾಲರು. ಹೋದ ತಿಂಗಳು ಒಂದು ಬೀಕರು ಒಡೆದದ್ದಕ್ಕೆ ಹುಡುಗರ ಮುಂದೆ ಮೇಷ್ಟ್ರಿಂದ ಕತ್ತೆ ಎನ್ನಿಸಿಕೊಂಡಿದ್ದ.

“ಬಿಡಯ್ಯಾ ಅಂದ್ರೆ! ಕಿವಿ ಕೇಳಲ್ವಾ?”

ಕೈ ಬಿಟ್ಟಿತು. ಯಾರೂ ಬಿಡಿಸಲಿಲ್ಲ, ತಾನೇ ಬಿಟ್ಟಿತು.

ವಿಮಾನ ಓಡಿ, ಎದ್ದು, ಮಕ್ಕಳ ಮೇಲೆ ಸುತ್ತು ಹಾಕಿತು. ಅಣ್ಣಯ್ಯಪ್ಪ ಸಾಲುಗಳತ್ತ ತಿರುಗಿದ. ಮಗಳನ್ನು ಹುಡುಕಿದ. ಹುಡುಗಿಯರ ಜಡೆಗಳಿಗೆಲ್ಲ ಅದೇ ಬಿಳಿ ಟೇಪು, ಯಾವುದು ತನ್ನವಳದು? ಒಂದು ಗಳಿಗೆ ತನ್ನ ಮಗಳು ಆ ಕೊನೆಯ ಸಾಲಲ್ಲಿರಲಿ, ಬಿದ್ದರೆ ಈ ಕಡೆ ಬೀಳಲಿ ಎಂದುಕೊಂಡ. ಮರುಗಳಿಗೆ ಅಂದುಕೊಂಡದ್ದಕ್ಕೆ ಕೆನ್ನೆ ಬಡಿದುಕೊಂಡ, ಈ ಕಡೆಯವೂ ಯಾರದೋ ಮಕ್ಕಳು. ಮೇಷ್ಟ್ರು ಹುಮ್ಮಸ್ಸಿನಲ್ಲಿ ವಿಮಾನವನ್ನು ಕೆಳಕ್ಕೆ ತಂದು ತಲೆಗಳ ಮೇಲೇ ಹಾಯಿಸಿದರು. ಮಕ್ಕಳು ಕಿರುಚಿ ಕೈ ಎತ್ತಿದರು. ಈಗಲೂ ಓಡಿಹೋಗಿ ಹೇಳಬಹುದಿತ್ತು, ಇಳಿಸಿ ಎನ್ನಬಹುದಿತ್ತು. ಹೋಗಲಿಲ್ಲ. ಮನೆದೇವರಿಗೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತ. ಬಾಯಿ ಬಿಡಲಾರದವನಿಗೆ ದೇವರೊಬ್ಬ ಸಿಕ್ಕಿಬಿಡುತ್ತಾನೆ.

ಆರು ನಿಮಿಷವಾದ ಮೇಲೆ ವಿಮಾನ ಹುಲ್ಲಿನ ಮೇಲೆ ಇಳಿಯಿತು. ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು ನಗುತ್ತಾ ಬಂದರು.

“ನೋಡಿದ್ಯೇನಯ್ಯಾ, ನಿನ್ನ ಹಿಂಜು!”

ಅಣ್ಣಯ್ಯಪ್ಪ ಕುಕ್ಕರುಗಾಲಲ್ಲಿ ಕೂತು ಎಲಿವೇಟರನ್ನು ಎರಡೇ ಬೆರಳಲ್ಲಿ ಎಳೆದ. ಎರಡು ಹಿಂಜು ಬೆಣ್ಣೆಯಿಂದ ಕೂದಲು ತೆಗೆದಂತೆ ಈಚೆಗೆ ಬಂದವು. ಮೂರನೆಯದು ಒಂದು ಎಳೆ ಅಂಟಿನಲ್ಲಿ ನೇತಾಡುತ್ತಿತ್ತು. ಮೇಷ್ಟ್ರ ನಗು ಅಲ್ಲೇ ಆರಿತು.

“ಯಾವಾಗ ಗೊತ್ತಾಯ್ತು?”

ಈಗಲೇ ಎಂದಿದ್ದರೆ ನಡೆಯುತ್ತಿತ್ತು.

“ಬಾಲ ಹಿಡ್ಕೊಂಡಿದ್ದಾಗ್ಲೇ ಸಾರ್.”

“ಮತ್ಯಾಕಯ್ಯಾ ಬಿಟ್ಟೆ?” ದನಿ ಏರಲಿಲ್ಲ, ಪಿಸುಗುಟ್ಟಿದಂತಿತ್ತು.

“ನೀವು ಬಯ್ತೀರಿ ಅಂತ.”

ಮೇಷ್ಟ್ರು ಬಯ್ಯಲಿಲ್ಲ. ಮಕ್ಕಳ ಸಾಲುಗಳನ್ನೇ ನೋಡುತ್ತಾ ನಿಂತರು. ರೇಡಿಯೊ ಪೆಟ್ಟಿಗೆಯನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟರು. ಅಷ್ಟರಲ್ಲಿ ಪುಟ್ಟತಾಯಿ ಸಾಲು ಬಿಟ್ಟು ಓಡಿಬಂದಳು.

“ಅಪ್ಪಾ, ನನ್ ತಲೆ ಮೇಲೇ ಬಂತು ಕಣಪ್ಪಾ! ನೀನೇ ತಾನೆ ಬಿಟ್ಟಿದ್ದು? ನಾನ್ ಎಲ್ರಿಗೂ ಹೇಳ್ದೆ, ನಮ್ಮಪ್ಪನೇ ಬಿಟ್ಟಿದ್ದು ಅಂತ!”

ಅಣ್ಣಯ್ಯಪ್ಪ ಎಣ್ಣೆಯಾದ ಕೈಯನ್ನು ಪಂಚೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.