ಆಮೆಯ ತೀರ್ಥ

ಮೊಮ್ಮಗಳ ಬಾಯಿಗೆ ಆ ನೀರು ಹಾಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದವರನ್ನು ಆಮೇಲೆ ಬೈಯುತ್ತೇನೆ.

ನನ್ನ ಮಗನಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇದೆ. ಹೋದ ಬೇಸಿಗೆಯಲ್ಲಿ ಬ್ಯಾಡಗಿ ಪೇಟೆಗೆ ಹೋದವನು ಮೆಣಸಿನಕಾಯಿ ಚೀಲವೊಂದನ್ನು ಬಗಲಲ್ಲಿ ಹಿಡಿದುಕೊಂಡು ಬಂದ. ಚೀಲ ಬಿಚ್ಚಿದ ಕೂಡಲೇ ಮನೆಮಂದಿಯೆಲ್ಲ ಸೀನಿದೆವು. ಒಳಗಿನಿಂದ ಅಂಗೈಯಗಲದ ಆಮೆಯೊಂದು ಉರುಳಿತು. ಕಪ್ಪು ಬೆನ್ನಿನ ಮೇಲೆ ಹಳದಿ ಚುಕ್ಕೆ, ಹಳದಿ ಗೆರೆ, ರಂಗೋಲಿ ಬರೆದಂತೆ. ಕಾಲುಗಳಿಗೆ ಅಂಟುಪಟ್ಟಿ ಸುತ್ತಿದ್ದರು. ಖಾರದ ಧೂಳಿಗೆ ಕಣ್ಣು ಊದಿ ಮುಚ್ಚಿಹೋಗಿದ್ದವು.

“ಇದು ಮನ್ಯಾಗಿದ್ರ ಯಾಪಾರ ಏರತೈತಂತ ಯವ್ವಾ,” ಎಂದ. “ಆದ್ರ ಯಾರ ಮುಂದೂ ಬಾಯಿ ಬಿಡಬ್ಯಾಡ. ಫಾರೆಸ್ಟಿನವ್ರು ಹಿಡದ್ರ ಜೇಲು.”

“ದೇವ್ರನ್ನ ತಂದ್ರ ಜೇಲಿಗೆ ಯಾಕ ಹಾಕ್ತಾರೋ?”

ಕೇಳಿದೆ, ಉತ್ತರಕ್ಕೆ ನಿಲ್ಲಲಿಲ್ಲ. ಅದು ನನ್ನ ತಪ್ಪು. ಗುಡಿಯಲ್ಲಿ ದೇವರ ಎದುರಿಗೆ ನೆಲದಲ್ಲಿ ಕಲ್ಲಿನ ಆಮೆ ಇರುತ್ತದೆ, ಅದನ್ನು ಮುಟ್ಟಿ ಹಣೆಗೆ ಒತ್ತಿಕೊಂಡೇ ಒಳಗೆ ಹೋಗುವವರು ನಾವು. ಜೀವ ಇದ್ದದ್ದು ಮನೆಗೇ ಬಂದರೆ ಬಿಡುತ್ತೇನೆಯೇ? ದಿನಾ ಮುಂಜಾನೆ ತಾಮ್ರದ ತಟ್ಟೆಯಲ್ಲಿ ಕೂರಿಸಿ ನೀರು ಹಾಕಿದೆ, ಬೆನ್ನಿಗೆ ಕುಂಕುಮ ಹಚ್ಚಿದೆ. ಆ ನೀರನ್ನೇ ತೀರ್ಥವೆಂದು ನಾನು ಕುಡಿದೆ, ಸೊಸೆಗೆ ಕೊಟ್ಟೆ, ಇನ್ನೂ ಅಂಬೆಗಾಲಿಡುವ ಕೂಸಿನ ಬಾಯಿಗೂ ಹಾಕಿದೆ. ಆಮೆ ಆ ತಟ್ಟೆಯಲ್ಲೇ ಹೇಲುತ್ತಿತ್ತು. ಕಂಡಿದ್ದೆ. ಬಟ್ಟೆಯಲ್ಲಿ ಸೋಸಿದ್ದೆ.

ಎಂಟು ದಿನಕ್ಕೆ ನನಗೂ ಸೊಸೆಗೂ ಹೊಟ್ಟೆ ಕೆಟ್ಟಿತು, ತಾನೇ ನಿಂತಿತು. ಕೂಸಿಗೆ ನಿಲ್ಲಲಿಲ್ಲ. ಮೈ ಸುಡುವ ಜ್ವರ, ರಕ್ತ ಬೀಳುವ ಭೇದಿ. ಮೂರನೇ ದಿನ ಕಣ್ಣು ಗುಳಿಬಿದ್ದು, ಅಳುವುದಕ್ಕೂ ಶಕ್ತಿಯಿಲ್ಲದೆ ಬಿದ್ದುಕೊಂಡಿತು. ಹಾವೇರಿ ದವಾಖಾನೆಗೆ ಓಡಿದೆವು.

ಡಾಕ್ಟರಮ್ಮ ಸಲೈನ್ ಹಚ್ಚಿಸಿ, “ಮನ್ಯಾಗ ಕೋಳಿ, ನಾಯಿ, ಏನರ ಸಾಕೀರೇನ್ರಿ?” ಎಂದು ಕೇಳಿದರು.

“ಏನೂ ಇಲ್ರೀ ಮೇಡಂ,” ಎಂದ ಮಗ.

“ಕುಡ್ಯಾಕ ಎಲ್ಲಿ ನೀರು?”

“ಫಿಲ್ಟರ್ ನೀರ್ರಿ.”

ಹೇಳುತ್ತಲೇ ಹಿಂದಿನಿಂದ ನನ್ನ ಸೆರಗು ಜಗ್ಗಿದ. ನರ ಸಿಗದೆ ಕೂಸಿನ ಕೈಗೆ ಮೂರು ಕಡೆ ಸೂಜಿ ಚುಚ್ಚಿದ್ದರು. ಇವನಿಗೆ ಜೇಲಿನ ಚಿಂತೆ.

“ಬಿಡೋ ಸೆರಗ, ಮೂಳಾ!” ವಾರ್ಡಿಗೆಲ್ಲ ಕೇಳುವಂತೆ ಒದರಿದೆ. “ಆಮಿ ಐತ್ರೀ ಬಾಯಾರ. ಕಳ್ಳಮಾಲು. ಅದರ ತೀರ್ಥಾ ಕೂಸಿಗೆ ಹಾಕೇನಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಎಷ್ಟ ದಿನಾ ಹಾಕೀರಬೇ?”

“ಎಂಟ ದಿನಾ.”

“ಅದರ ಹೊಟ್ಯಾಗ ರೋಗದ ಹುಳಾ ಇರತಾವು. ಅದಕ್ಕೇನೂ ಆಗಂಗಿಲ್ಲ, ಕೂಸಿನ ಜೀವಾ ತಗೀತಾವು.” ಆಮೇಲೆ ಮಗನ ಕಡೆ ತಿರುಗಿದರು. “ಏನೂ ಇಲ್ಲಂದ್ರೆಲ್ಲ, ನೀವು ಇದರ ಅಪ್ಪ ಹೌದಲ್ರೀ?”

ಅವರು ಪರೀಕ್ಷೆಗೆ ಬರೆದರು, ಔಷಧಿ ಬದಲಿಸಿದರು.

ಐದನೇ ದಿನ ಕೂಸು ಅತ್ತಿತು, ಜೋರಾಗಿ. ಅದನ್ನು ಕೇಳಿದ ಮೇಲೆ ನಾನು ಬಸ್ಸು ಹತ್ತಿ ಮನೆಗೆ ಬಂದೆ. ಮಗ ಬೆನ್ನಿಗೇ ಬಂದ.

“ಕೆರೀಗೆ ಒಗದ ಬರತೀನಿ ಯವ್ವಾ. ಇಲ್ಲಿಗೇ ಮುಗೀಲಿ.”

“ಅದರ ಕಾಲ ನೋಡೀಯೇನು? ಆನಿ ಕಾಲಿನಂಗ ಅದಾವು. ಈಜೂ ಕಾಲಲ್ಲ ಅವು, ನಡ್ಯೂ ಕಾಲು. ಮಗಳನ್ನ ಸಾಯಾಕ ಬಿಟ್ಟಿದ್ದಿ, ಈಗ ಇದನ್ನೂ ಮುಳಗಸ್ತೀಯಾ?”

ಬುಟ್ಟಿಯಲ್ಲಿಟ್ಟುಕೊಂಡು ಅರಣ್ಯ ಕಚೇರಿಗೆ ನಡೆದೆ. ದಾರಿಯುದ್ದಕ್ಕೂ ಅವನು ಕೈಮುಗಿಯುತ್ತ ಬಂದ. ಅಲ್ಲಿದ್ದ ಗಾರ್ಡು ಆಮೆಯನ್ನು ಬೆಳಕಿಗೆ ಹಿಡಿದು, “ಕಣ್ಣು ಹೋಗ್ಯಾವಬೇ ಇದರವು. ಯಾರು ತಂದಾರಿದನ್ನ?” ಎಂದ.

“ತಂದಾವ ಇಲ್ಲೇ ನಿಂತಾನ. ಅವನ ಬಾಯಿಲೇ ಕೇಳ್ರಿ.”

ಹೇಳಿದ. ಮಾರಿದವನ ಹೆಸರನ್ನೂ ಹೇಳಿದ. ಬ್ಯಾಡಗಿಯ ಆ ಮನುಷ್ಯನ ಕೋಣೆಯಲ್ಲಿ ಇನ್ನಷ್ಟು ಆಮೆ ಸಿಕ್ಕವಂತೆ, ಒಂದರ ಮೇಲೊಂದು ಒಟ್ಟಿದ್ದು, ಅಡಿಯಲ್ಲಿದ್ದವು ಸತ್ತು ನಾರುತ್ತಿದ್ದವಂತೆ. ವ್ಯಾಪಾರ ಏರುತ್ತದೆ ಎಂದಿದ್ದನಲ್ಲ, ಅವನದು ಏರಿತ್ತು. ಥೂ, ಅವನ ಬಾಳಿಗಿಷ್ಟು ಬೆಂಕಿ ಹಾಕ.

ಕೇಸು ಮಾರಿದವನ ಮೇಲೂ ಮಗನ ಮೇಲೂ ಆಯಿತು. ಹಾವೇರಿ ಕೋರ್ಟಿನ ತಾರೀಖು ಬಂದಾಗಲೆಲ್ಲ ಮಗ ಚಪ್ಪಲಿ ಮೆಟ್ಟುತ್ತ, “ಹಡದಾಕೀನ ನನ್ನ ಹಿಡಿಸಿಕೊಟ್ಟಳು,” ಎಂದು ಓಣಿಗೆ ಕೇಳುವಂತೆ ಅನ್ನುತ್ತಾನೆ.

“ಹೌದು, ನಾನ. ಮಗಳು ಜೀವಂತ ಅದಾಳ, ಮಾತಾಡಿಸಿ ಹೋಗು,” ಎನ್ನುತ್ತೇನೆ.