ನನಗೆ ಕೇಳಿಸಿದ ತವರು

ಕೊಳ್ಳೇಗಾಲ ಆಗ ಮದ್ರಾಸಿಗೆ ಸೇರಿತ್ತು, ನನ್ನ ಊರು ಯಳಂದೂರು ಮೈಸೂರಿಗೆ. ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ, ಅಷ್ಟೆ. ಆದರೂ ಕೊಳ್ಳೇಗಾಲದ ಶಾಲೆಗೆ ಮೇಷ್ಟ್ರಾಗಿ ಬಂದಾಗ ನನಗೆ ತಮಿಳು ಬರುತ್ತಿರಲಿಲ್ಲ. ಬರುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದೆ. ತಮಿಳಿನ ಪಕಾರ ಕನ್ನಡದಲ್ಲಿ ಹಕಾರವಾಗುತ್ತದೆಂದು ಕಾಲೇಜಿನಲ್ಲಿ ಕಲಿತಿದ್ದೆ: ಪಾಲು ಹಾಲು, ಪೋ ಹೋ. ಉಳಿದದ್ದನ್ನು ಊಹಿಸಬಲ್ಲೆನೆಂಬ ಧೈರ್ಯ.

ಶಾಲೆಯ ಜವಾನ ಹನೂರಿನಾಚೆ ಪಾಲಾರ್ ಕಡೆಯ ತಮಿಳಿನವನು. ಕನ್ನಡ ಅವನಿಗೆ ನಾಲ್ಕು ಮಾತು ಬರುತ್ತಿತ್ತು. ಹೆಡ್‌ಮಾಸ್ಟರು ಊರಲ್ಲಿಲ್ಲದ ಒಂದು ವಾರ, ಪರೀಕ್ಷೆಯ ಹೊತ್ತಿನಲ್ಲಿ, ರಜೆ ಕೊಡುವ ಅಧಿಕಾರ ನನ್ನ ಕೈಗೆ ಬಂದಿತ್ತು. ಬೆಳಗ್ಗೆ ಅವನು ಬಂದು ಬಾಗಿಲಲ್ಲಿ ನಿಂತ.

"ಸಂಸಾರಂ ತವರಿ ಪೋಯಿಟ್ಟಾ, ಸಾ. ಊರುಕ್ಕು ಪೋಣುಂ."

ಅಕ್ಷರ ಅಕ್ಷರವೂ ಹೀಗೇ ಇತ್ತೆಂದು ಆಣೆ ಮಾಡಲಾರೆ. ನನಗೆ ಕೇಳಿಸಿದ್ದು ಮಾತ್ರ ನೆನಪಿದೆ: ಹೆಂಡತಿ ತವರಿಗೆ ಹೋಗಿಬಿಟ್ಟಳು, ಊರಿಗೆ ಹೋಗಬೇಕು.

"ಅದಕ್ಯಾಕಯ್ಯಾ ಇಷ್ಟು ಸಪ್ಪೆ ಮೋರೆ? ನಾಲ್ಕು ದಿನ ಆರಾಮಾಗಿದ್ದು ಬರ್ಲಿ ಬಿಡು," ಎಂದು ನಕ್ಕೆ.

ನಮ್ಮೂರಿನವರೇ ಆದ ಡ್ರಿಲ್ ಮೇಷ್ಟ್ರು ಪಕ್ಕದಲ್ಲಿದ್ದರು. "ಎಡ್ತಿ ಇಂದೇನೇ ಓಯ್ತೀಯೇನ್ಲಾ? ಅತ್ತೆ ಮನೆ ಕೋಳಿ ಸಾರು ಗ್ಯಾಪ್ನ ಬಂತಾ?" ಎಂದರು. ಇಬ್ಬರೂ ಇನ್ನಷ್ಟು ನಕ್ಕೆವು.

ಅವನು ನನ್ನ ಮುಖವನ್ನೇ ನೋಡಿದ. ಅವನೂ ಸ್ವಲ್ಪ ನಕ್ಕ ಎಂದು ಬಹಳ ವರ್ಷ ಹೇಳುತ್ತಾ ಬಂದಿದ್ದೇನೆ. ಈಗ ಅನುಮಾನ. ಆ ನಗುವನ್ನು ನನ್ನ ಅನುಕೂಲಕ್ಕೆ ನಾನೇ ಸೇರಿಸಿರಬಹುದು.

"ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ," ಎಂದೆ. ಅವನು ಹೋಗಿ ಗಂಟೆ ಹೊಡೆದ. ಪ್ರತಿ ಪೀರಿಯಡ್ಡಿಗೂ ಸರಿಯಾಗಿ ಹೊಡೆದ.

ಮಧ್ಯಾಹ್ನ ತಮಿಳು ಪಂಡಿತರು ಓಡುತ್ತಾ ಬಂದರು. ಊಟ ಯಾಕೆ ಮಾಡಲಿಲ್ಲವೆಂದು ಅವನನ್ನು ಕೇಳಿದ್ದರಂತೆ.

"ಏನ್ ಸಾರ್, ಅವನ ಹೆಂಡ್ತಿ ಸತ್ತಿದ್ದಾಳೆ, ಗಂಟೆ ಹೊಡೆಸ್ತಾ ಇದೀರಲ್ಲ!"

"ತವರಿಗೆ ಹೋಗಿದ್ದಾಳೆ ಅಂದ..."

"ಯಾವ ತವರು ಸಾರ್? ತವರಿ ಪೋಯಿಟ್ಟಾ ಅಂದ್ರೆ ತೀರಿಕೊಂಡ್ಳು ಅಂತ. ಸತ್ತಳು ಅಂತ ಬಾಯಿಬಿಟ್ಟು ಹೇಳೋಕ್ಕಾಗುತ್ತಾ?"

ಆಗಲೇ ಅವನನ್ನು ಕಳಿಸಿದೆವು. ಹನೂರಿಗೆ ದಿನಕ್ಕೊಂದೇ ಬಸ್ಸು, ಅದು ಬೆಳಗ್ಗೆಯೇ ಹೋಗಿತ್ತು. ಅವನು ನಡೆದ. ಆ ಬಸ್ಸು ಸಿಕ್ಕಿದ್ದರೂ ಹನೂರಿನಿಂದಾಚೆಗೆ ಅಷ್ಟು ದೂರ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದನೇ? ಈ ಲೆಕ್ಕವನ್ನು ಎಷ್ಟೋ ಸಲ ಹಾಕಿದ್ದೇನೆ. ತಲುಪುತ್ತಿರಲಿಲ್ಲ ಎಂದು ಬರಲಿ ಎಂಬ ಆಸೆಯಿಂದಲೇ ಹಾಕಿದ್ದೇನೆ.

ಹಲವು ದಿನಗಳಾದ ಮೇಲೆ ಹಿಂದಿರುಗಿದ. ಮೇಷ್ಟ್ರುಗಳೆಲ್ಲ ಕೂತಿದ್ದ ಕೋಣೆಗೆ ಬಂದು ನನ್ನೆದುರು ನಿಂತ.

"ಮೊಗಂ ಪಾಕ್ಕಲೆ, ಸಾ."

ಮುಖ ನೋಡಲಿಲ್ಲ. ಇದಕ್ಕೆ ಯಾವ ಸೂತ್ರವೂ ಬೇಕಾಗಲಿಲ್ಲ.

ಆಗ ಹೊಳೆಯಿತು. ಸಾಹೇಬರಿಗೆ ತಮಿಳು ಬರುತ್ತದೆ ಎಂದು ಇಡೀ ಶಾಲೆಯಂತೆ ಅವನೂ ನಂಬಿದ್ದ. ಅಂದರೆ ಹೆಂಡತಿ ಸತ್ತ ಸುದ್ದಿ ತಿಳಿದೇ ನಾನು ನಕ್ಕೆ, ತಿಳಿದೇ ರಜೆ ಕೊಡಲಿಲ್ಲ ಎಂದು ಅವನ ಲೆಕ್ಕ. ನನಗೆ ತಮಿಳು ಬರೋದಿಲ್ಲಪ್ಪ, ಎಂದರೆ ಸಾಕಾಗಿತ್ತು. ಅಷ್ಟು ಕನ್ನಡ ಅವನಿಗೂ ತಿಳಿಯುತ್ತಿತ್ತು. ಕೋಣೆಯಲ್ಲಿ ಆರೇಳು ಜನರಿದ್ದರು. "ಪಾಪ, ಏನ್ಮಾಡೋದು," ಎಂದು ಪುಸ್ತಕ ತೆರೆದೆ.

ಅಲ್ಲಿ ಇನ್ನೂ ಎರಡು ವರ್ಷ ಇದ್ದೆ. ದಿನವೂ ಅವನು ನನಗೆ ಕೈ ಮುಗಿಯುತ್ತಿದ್ದ. ನಾನು ಹೇಳಲೇ ಇಲ್ಲ.