ಕ್ಯಾಮೆರಾ ಕಿತ್ತ ಮೇಲೂ ಬಂದ ಚಿತ್ರಗಳು

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಯಾರಾದರೂ ದೆವ್ವ-ಗಿವ್ವ ಅಂದರೆ, ಮೊದಲು ವೈರ್ ಸಡಿಲ ಆಗಿದೆಯಾ ನೋಡ್ರಿ ಎಂದು ರೇಗುತ್ತಿದ್ದವನು. ಅಂಥವನ ಕಣ್ಣೆದುರಿಗೇ ಇದು ನಡೆಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿದ್ದಿರಬೇಕು. ಮೊಳಕಾಲ್ಮೂರಿನಿಂದ ಸಿದ್ದಾಪುರದ ಕಡೆ ಹೋಗುವಾಗ, ಬಂಡೆಗುಡ್ಡದ ಬುಡದಲ್ಲಿ ಒಂದು ಖಾಸಗಿ ಬಿತ್ತನೆ ಕೋಠಿ ಇತ್ತು. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಜಾಗ ಅದು. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಕುಟ್ಟಾಣಿಯಲ್ಲಿ ಅರೆದು, ಆ ರಸದ ಹನಿಯನ್ನು ಗಾಜಿನ ಮೇಲೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಅಕ್ಕಿಕಾಳಿನಂಥ ಹೊಳೆಯುವ ರೋಗಾಣು ಕಂಡರೆ ಗಂಟುರೋಗ, ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ ಹತ್ತುವಂಥದು. ಬರೀ ಅನುಮಾನ ಬಂದರೂ ಸಾಕು, ಆ ಮೊಟ್ಟೆಗಳನ್ನು ರಾತ್ರಿ ಒಳಗೆ ಇಟ್ಟುಕೊಳ್ಳುವಂತಿಲ್ಲ, ಆಗಲೇ ಸುಡಬೇಕು. ಅದು ಅಲ್ಲಿನ ಕಟ್ಟುಪಾಡು.

ನೋಡುವ ಕೆಲಸ ಪದ್ಮಕ್ಕನದು. ಮೊಳಕಾಲ್ಮೂರಿನ ನೇಕಾರರ ಮನೆಯವಳು, ಮನೆಮಾತು ತೆಲುಗು. ಗಂಡ ತೀರಿಕೊಂಡ ಮೇಲೆ ಆ ಕಣ್ಣಿನ ಕೆಲಸವೇ ಅವಳ ಅನ್ನ. ಹಿಂದಿನ ಸಲ ಅವಳು ಚೊಕ್ಕ ಎಂದ ಮೊಟ್ಟೆಗಳಿಂದ ಬಂದ ಹುಳು ರೈತರ ಮನೆಯಲ್ಲಿ ಸತ್ತು ಬಿದ್ದಿದ್ದವು. ಈ ಸಲವೂ ಅವಳ ಕಣ್ಣು ತಪ್ಪಿದರೆ ಮನೆಗೆ ಕಳಿಸುವುದೇ ಎಂದು ಮಾಲೀಕ ತಿಪ್ಪೇಸ್ವಾಮಣ್ಣ ಅವಳ ಎದುರಿಗೇ ನನಗೆ ಹೇಳಿದ. ಪಾಪ, ತಲೆ ತಗ್ಗಿಸಿ ನಿಂತಿದ್ದಳು.

ಅವಳ ಕಣ್ಣಿನ ಮೇಲೆ ಕಾವಲಿಗೆಂದು ಅವನು ಮೈಕ್ರೋಸ್ಕೋಪಿಗೆ ಒಂದು ಕ್ಯಾಮೆರಾ ಕೂರಿಸಿದ್ದ. ಅದರ ಸಾಫ್ಟ್‌ವೇರ್ ಚಿತ್ರ ಹಿಡಿಯುತ್ತದೆ ಅಷ್ಟೇ. ಚಿತ್ರದಲ್ಲಿ ರೋಗಾಣು ಹುಡುಕಿ ಕೆಂಪು ಉಂಗುರ ಹಾಕುವ ಪ್ರೋಗ್ರಾಂ ಬೇರೆ ಕಂಪನಿಯದು. ಒಂದಕ್ಕೊಂದು ಮಾತಿಲ್ಲ, ಕತೆಯಿಲ್ಲ. ಇದು ಹಿಡಿದ ಚಿತ್ರ ತಾನಾಗಿ ಅದಕ್ಕೆ ಹೋಗುವಂತೆ ಜೋಡಿಸಿಕೊಡುವುದು ನನ್ನ ಕೆಲಸ.

ಹಗಲೆಲ್ಲ ಕರೆಂಟಿಲ್ಲ. ಕತ್ತಲಾದ ಮೇಲೆ ಕೂತೆ. ಕೋಣೆಯಲ್ಲಿ ಅರೆದ ಚಿಟ್ಟೆಯ ಹಸಿ ವಾಸನೆ, ಮೇಲೆ ಫಾರ್ಮಾಲಿನ್ ಘಾಟು... ಮೂಗು ಉರಿಯುತ್ತಿತ್ತು. ಆದರೂ ಜೋಡಣೆ ಸಲೀಸಾಗಿ ಆಯಿತು. ಪದ್ಮಕ್ಕ ಮೊದಲ ಗಾಜು ಇಟ್ಟಳು. ಕಂಪ್ಯೂಟರಿನ ತೆರೆಯ ಮೇಲೆ, ಕ್ಯಾಮೆರಾದ ಕಿಟಕಿಯಲ್ಲಿ ಚಿತ್ರ ಚೊಕ್ಕವಾಗಿತ್ತು. ಅದೇ ಚಿತ್ರ ಎರಡನೆಯ ಪ್ರೋಗ್ರಾಮಿಗೆ ಹೋಯಿತು...

ತೆರೆ ತುಂಬ ಕೆಂಪು ಉಂಗುರ. ಪ್ರತಿ ಉಂಗುರದೊಳಗೆ ಒಂದು ಹೊಳೆಯುವ ಕಾಳು.

ಪದ್ಮಕ್ಕ ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು. "ಇಲ್ಲಪ್ಪಾ ಮಂಜಣ್ಣ, ಇದ್ರಾಗೆ ಏನೂ ಇಲ್ಲ" ಎಂದಳು. ನಾನೂ ಬಗ್ಗಿ ನೋಡಿದೆ. ನಿಜ, ಏನೂ ಇರಲಿಲ್ಲ.

ಲೆನ್ಸ್ ಒರೆಸಿದೆ. ಬೇರೆ ಗಾಜು ಇಟ್ಟೆವು. ಅದೇ ಕತೆ. ಕೊನೆಗೆ ಹೊಸ ಗಾಜನ್ನು ತೊಳೆದು, ಒರೆಸಿ, ಖಾಲಿಯಾಗಿಯೇ ಇಟ್ಟೆ. ಅದರಲ್ಲೂ ಉಂಗುರ! ದರಿದ್ರ ಪ್ರೋಗ್ರಾಂ ಎಂದು ಬೈದು ಕ್ಯಾಮೆರಾದ ವೈರನ್ನೇ ಕಿತ್ತು ಮೇಜಿನ ಮೇಲೆ ಎಸೆದೆ.

ಚಿತ್ರಗಳು ನಿಲ್ಲಲಿಲ್ಲ.

ಒಂದಾದ ಮೇಲೆ ಒಂದು ಬರುತ್ತಲೇ ಇದ್ದವು. ಹಳೆಯವಲ್ಲ... ಹೊಸವು. ಪ್ರತಿ ಚಿತ್ರದಲ್ಲೂ ಕಾಳುಗಳು ಸ್ವಲ್ಪ ಸ್ವಲ್ಪ ಸರಿದು ನಡುವೆ ಒತ್ತೊತ್ತಾಗಿ ಸೇರುತ್ತಿದ್ದವು. ಅಷ್ಟರಲ್ಲಿ ಬೆನ್ನ ಹಿಂದೆ ಸಣ್ಣಗೆ ಪಟಪಟ ಸದ್ದು. ತೊಳೆದು ಬೋರಲು ಹಾಕಿದ್ದ ಕುಟ್ಟಾಣಿಯ ಒಳಗಿಂದ ಬರುತ್ತಿತ್ತು. ರೆಕ್ಕೆ ಬಡಿಯುವ ಸದ್ದು.

ಪದ್ಮಕ್ಕ ನನ್ನ ತೋಳು ಹಿಡಿದಳು. "ಅಯ್ಯೋ ದೇವುಡಾ... ಎತ್ತಬ್ಯಾಡ ಕಣಪ್ಪಾ" ಎಂದು ಪಿಸುಗುಟ್ಟಿದಳು. ನಾನು ಎತ್ತಿದೆ. ಒಳಗೆ ಏನೂ ಇಲ್ಲ. ಆದರೆ ಸದ್ದು ನಿಲ್ಲಲಿಲ್ಲ. ಕಂಪ್ಯೂಟರಿನ ಪ್ಲಗ್ ಕಿತ್ತೆ, ತೆರೆ ಕಪ್ಪಾಯಿತು, ಅದರ ಫ್ಯಾನೂ ನಿಂತಿತು. ಆ ಮೌನದಲ್ಲಿ ರೆಕ್ಕೆಗಳು ಇನ್ನೂ ಜೋರಾಗಿ ಕೇಳಿದವು.

ಬಾಗಿಲಲ್ಲಿ ತಿಪ್ಪೇಸ್ವಾಮಣ್ಣ ನಿಂತ ಮೇಲೆ ಸದ್ದು ಅಡಗಿತು. ನಾನು ತೊದಲುತ್ತಾ ಎಲ್ಲ ಹೇಳಿದೆ. ವೈರ್ ಕಿತ್ತ ಮೇಲೂ ಬಂತು, ಇದು ರೋಗವಲ್ಲ, ಬೇರೆ ಏನೋ ಎಂದೆ. ಅವನ ಕಿವಿಗೆ ಬಿದ್ದದ್ದು ಖಾಲಿ ಗಾಜಿನ ಮಾತೊಂದೇ.

"ಖಾಲಿ ಗಾಜಿನ್ಯಾಗೂ ಐತೆ ಅಂದ್ರೆ, ರೋಗ ರೂಮೆಲ್ಲ ಹಬ್ಬೈತೆ ಕಣಲೇ. ಎಲ್ಲಾ ಸುಡ್ರಿ."

ಪರೀಕ್ಷೆಗೆ ಸರ್ಕಾರಿ ಲ್ಯಾಬಿಗೆ ಕಳಿಸಲು ಒಂದಿಷ್ಟು ಚಿಟ್ಟೆ ತೆಗೆದಿಟ್ಟು, ಚಿಟ್ಟೆಗಳು ಮೊಟ್ಟೆ ಇಟ್ಟಿದ್ದ ಕಾಗದದ ಹಾಳೆಗಳನ್ನೆಲ್ಲ ಆಳುಗಳು ಅಂಗಳಕ್ಕೆ ತಂದರು. ತಿಪ್ಪೇಸ್ವಾಮಣ್ಣ ಪದ್ಮಕ್ಕನ ಕೈಯಿಂದಲೇ ಬೆಂಕಿಗೆ ಹಾಕಿಸಿದ. ಮೊಟ್ಟೆಗಳು ಚಟಚಟ ಸಿಡಿದವು. ಕೂದಲು ಸುಟ್ಟಂಥ ವಾಸನೆ ಗುಡ್ಡದವರೆಗೂ ಹಬ್ಬಿತು. ಅವಳು ಅಳುತ್ತಲೇ ನನ್ನ ಕಡೆ ತಿರುಗಿದಳು. "ನೀನೂ ನೋಡಿದ್ಯಲ್ಲ ಮಂಜಣ್ಣ, ಏನೂ ಇರ್ಲಿಲ್ಲ ಅಲ್ವಾ?"

"ಏನೂ ಇರ್ಲಿಲ್ಲಕ್ಕಾ" ಎಂದೆ. ಯಂತ್ರಕ್ಕೆ ಕಂಡದ್ದು ಅವಳ ಕಣ್ಣಿಗೆ ಕಾಣಲಿಲ್ಲ ಎಂದು, ಬೆಳಗಾಗುವುದರೊಳಗೆ ಅವಳ ಕೆಲಸ ಹೋಗಿತ್ತು.

ಕೆಲವು ವಾರ ಕಳೆದು ಲ್ಯಾಬಿನಿಂದ ಉತ್ತರ ಬಂತು. ಚಿಟ್ಟೆಗಳಲ್ಲಿ ಯಾವ ರೋಗವೂ ಇರಲಿಲ್ಲವಂತೆ. ಸುಟ್ಟದ್ದು ಸುಟ್ಟಾಗಿತ್ತು, ಕೋಠಿಗೂ ಬೀಗ ಬಿದ್ದಿತ್ತು. ಆದರೂ ಪದ್ಮಕ್ಕನ ಕಣ್ಣು ಸರಿ ಇತ್ತಲ್ಲ! ಅಷ್ಟಾದರೂ ಹೇಳೋಣ ಎಂದು ಮೊಳಕಾಲ್ಮೂರಿಗೆ ಓಡಿದೆ.

ಮನೆಯಲ್ಲಿ ಮಗಳು ಬಾಣಂತನಕ್ಕೆ ಬಂದಿದ್ದಳು. ಮಗ್ಗದ ಪಕ್ಕದ ಜೋಳಿಗೆಯಲ್ಲಿ ಕೂಸು ಮಲಗಿತ್ತು. ಪದ್ಮಕ್ಕ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವ್ವ ಕೂಸನ್ನು ಒಮ್ಮೆಯೂ ಎತ್ತಿಕೊಂಡಿಲ್ಲ, ನೋಡುವುದೂ ಇಲ್ಲ ಎಂದು ಮಗಳು ಕಣ್ಣೊರೆಸಿಕೊಂಡಳು.

ನಾನು ಲ್ಯಾಬಿನ ಮಾತು ಹೇಳಿದೆ. ಪದ್ಮಕ್ಕ ತಿರುಗಲಿಲ್ಲ.

"ಚಿಟ್ಟೆದಾಗ ಇರ್ಲಿಲ್ಲ ಅಂತ ನಂಗೊತ್ತಪ್ಪಾ. ಆ ಕಾಳು ಈಗ ಬರೇ ಕಣ್ಣಿಗೇ ಕಾಣ್ತಾವೆ... ಕೂಸಿನ ಮೈ ತುಂಬ."

ಜೋಳಿಗೆಯ ಬಟ್ಟೆ ಸರಿಸಿ ನೋಡಿದೆ. ಕೂಸಿನ ಮೈ ಬೆಣ್ಣೆಯ ಹಾಗಿತ್ತು. "ಏನೂ ಇಲ್ಲಕ್ಕಾ, ನಾನೇ ನೋಡ್ದೆ" ಎಂದೆ.

"ಆವತ್ತೂ ನೀನು ಹಂಗೇ ಅಂದಿದ್ದೆ" ಎಂದಳು.

ಎದ್ದು ಬಂದುಬಿಟ್ಟೆ. ಆಮೇಲೆ ಆ ಬೀದಿಗೆ ಕಾಲಿಟ್ಟಿಲ್ಲ. ಮೊಳಕಾಲ್ಮೂರಿನವರು ಎಷ್ಟೋ ಜನ ನನ್ನ ಅಂಗಡಿಗೆ ಬರುತ್ತಾರೆ, ಪದ್ಮಕ್ಕನನ್ನು ಬಲ್ಲವರೂ ಇದ್ದಾರೆ. ಆ ಕೂಸು ಉಳಿಯಿತೇ ಎಂದು ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.